ಕೇಳುವ ಮನೆ

ಹೊಸ ಮನೆಯಲ್ಲಿ ಹಾಲು ಉಕ್ಕುವ ಮೊದಲೇ ಡಬ್ಬದವನು ಬಂದ. ಅವ್ವ ಒಲೆಯ ಮುಂದೆ ನಿಂತು ಪಾತ್ರೆಯನ್ನೇ ನೋಡುತ್ತಿದ್ದಳು. ನಾನು ಹಾಸಿಗೆಯ ಗಂಟು ಬಿಚ್ಚುತ್ತಿದ್ದೆ. ಬಾಗಿಲಲ್ಲಿ ಹೆಲ್ಮೆಟ್ಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಬೆವರು ಒರೆಸಿಕೊಳ್ಳುತ್ತ ಒಬ್ಬ ನಡುವಯಸ್ಸಿನ ಮನುಷ್ಯ ನಿಂತಿದ್ದ.

"ನಮಸ್ಕಾರ ಮೇಡಂ, ನಾನು ವಿಠೋಬ. ಮುನ್ನೂರು ಚಾನಲ್ಲು, ಜೊತೆಗೆ ಇಂಟರ್ನೆಟ್ಟು ಎಷ್ಟು ಬೇಕಾದರೂ. ತಂತಿ ಎಳೆಯೋ ಹಾಗಿಲ್ಲ, ಗೋಡೆಗೆ ಮೊಳೆ ಹೊಡೆಯೋ ಹಾಗಿಲ್ಲ. ಇಷ್ಟು ಸಣ್ಣ ಡಬ್ಬ. ಎಲ್ಲಕ್ಕಿಂತ ಮುಖ್ಯ, ಸದ್ದಿಲ್ಲ."

"ಸದ್ದಿಲ್ಲದ ಟೀವಿ ಇಟ್ಕಂಡು ಏನ್ ಮಾಡಾನಪ್ಪ?" ಅಂದಳು ಅವ್ವ, ಹಾಲಿನಿಂದ ಕಣ್ಣು ತೆಗೆಯದೆ.

"ಟೀವಿ ಸದ್ದು ಇರುತ್ತೆ ತಾಯಿ. ಮನೆಗಳ ಸದ್ದು ಇರಲ್ಲ."

ಹಾಲು ಉಕ್ಕಿತು. ಅವ್ವ ಅವನಿಗೂ ಒಂದು ಲೋಟ ಕೊಟ್ಟಳು. ಅವನು ಕುಡಿದು, ಚೀಟಿಯೊಂದನ್ನು ಕಿಟಕಿಯ ಮೇಲಿಟ್ಟು, "ಯೋಚನೆ ಮಾಡಿ" ಎಂದು ಹೋದ.

ನಮ್ಮ ಊರಿನಲ್ಲಿ ಟೀವಿಯ ತಂತಿ ದಿಬ್ಬದ ಮೇಲಿನಿಂದ ಕೆಳಕ್ಕೆ, ಮನೆಯಿಂದ ಮನೆಗೆ ಇಳಿಯುತ್ತದೆ. ಮೇಲಿನ ಮನೆಯ ಮಾತು, ಕೆಮ್ಮು, ಒಗ್ಗರಣೆಯ ಚಟಪಟ ಎಲ್ಲವೂ ಕೆಳಗಿನ ಮನೆಯ ಟೀವಿಯಲ್ಲಿ ಕೇಳುತ್ತದೆ. ಅದರ ಕೆಳಗಿನ ಮನೆಗೆ ಸ್ವಲ್ಪ ಸಣ್ಣಗೆ, ಅದರಾಚೆಗೆ ಇನ್ನೂ ಸಣ್ಣಗೆ. ಕೆಳಗಿನದು ಮಾತ್ರ ಮೇಲಕ್ಕೆ ಕೇಳುವುದಿಲ್ಲ. ಜನ ಇದಕ್ಕೆ ಹೊಂದಿಕೊಂಡಿದ್ದಾರೆ. ಗಂಡ ಹೆಂಡಿರು ಜಗಳವಾಡಬೇಕಾದರೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಳ್ಳುತ್ತಾರೆ. ಹೆಣ್ಣು ನೋಡಲು ಬರುವವರು ಮೊದಲು ಕೆಳಗಿನ ಮನೆಯಲ್ಲಿ ಕೂತು ಕಾಫಿ ಕುಡಿದು ವಿಚಾರಿಸಿಕೊಂಡು ಬರುತ್ತಾರೆ. ವಾರ್ತೆಯ ನಡುವೆ ಮೇಲಿನ ಮನೆಯ ಕೂಸು ಒಂದೇ ಸಮನೆ ಅತ್ತರೆ ಕೆಳಗಿನ ಮನೆಯಾಕೆ ಬೀದಿಗೆ ಬಂದು, "ಹೊಟ್ಟೆನೋವಿರಬೇಕು ಕಣ್ರೇ, ಓಮದ ನೀರು ಕುಡಿಸಿ" ಎಂದು ಕೂಗುತ್ತಾಳೆ. ಯಾರಾದರೂ ಜಾರಿ ಬಿದ್ದರೆ ಕೆಳಗಿನ ಮೂರು ಮನೆಯವರು ಒಟ್ಟಿಗೆ ಓಡಿ ಬರುತ್ತಾರೆ.

ನಾವು ಇದ್ದದ್ದು ಕೊನೆಮನೆ ಬೀದಿಯಲ್ಲಿ. ತಂತಿ ಅಲ್ಲಿಗೆ ಮುಗಿಯುತ್ತದೆ. ಅದರಲ್ಲೂ ನಮ್ಮದು ಆ ಬೀದಿಯ ಕಟ್ಟಕಡೆಯ ಮನೆ. ಊರಿನ ಸದ್ದೆಲ್ಲ ಇಳಿದು ಇಳಿದು ನಮ್ಮ ಟೀವಿಯೊಳಗೆ ಬಂದು ಬೀಳುತ್ತಿತ್ತು. ಯಾರ ಮನೆಯ ಮಗ ಫೇಲಾದ, ಯಾವ ಅತ್ತೆ ಯಾವ ಸೊಸೆಗೆ ಏನೆಂದು ಬೈದಳು, ನಾವು ಚರಂಡಿ ತೆಗೆದು ಬಂದ ಮೇಲೆ ನಾವು ನಿಂತ ಜಾಗಕ್ಕೆ ಎಷ್ಟು ಬಿಂದಿಗೆ ನೀರು ಹುಯ್ದರು, ಎಲ್ಲವನ್ನೂ ಕೇಳಿದ್ದೇವೆ. ನಮ್ಮ ಮನೆಯಲ್ಲಿ ಒಲೆ ಹೊತ್ತಿತೋ ಇಲ್ಲವೋ ಊರಿನ ಒಂದು ಕಿವಿಗೂ ತಿಳಿಯದು. ಇಡೀ ಊರನ್ನು ಹೊಟ್ಟೆಗೆ ಹಾಕಿಕೊಂಡವರು ನಾವು. ನಮ್ಮನ್ನು ಕೇಳಿದವರು ಯಾರೂ ಇಲ್ಲ.

ಅಪ್ಪ ಸತ್ತದ್ದು ಹಾಗೆಯೇ. ಹೆಸರು ಸಿದ್ದಯ್ಯ, ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ಜ್ವರವೆಂದು ಮನೆಯಲ್ಲಿದ್ದ ಒಂದು ದಿನ ಮಧ್ಯಾಹ್ನ ಎದೆ ಹಿಡಿದುಕೊಂಡು ಕುಸಿದ. ಬೀದಿಯವರೆಲ್ಲ ಕೂಲಿಗೆ ಹೋಗಿದ್ದ ಹೊತ್ತು. ನಾನು ಶಾಲೆಯಲ್ಲಿದ್ದೆ. ಅವ್ವ ಬಾಗಿಲಲ್ಲಿ ನಿಂತು ಕೂಗಿದಳು, ಬೀದಿ ಖಾಲಿ. ಒಳಗೆ ಬಂದು ಟೀವಿಯನ್ನು ಹಿಡಿದುಕೊಂಡು, "ಯಾರಾದ್ರೂ ಬನ್ರಪ್ಪೋ" ಎಂದು ಕೂಗಿದಳು. ಟೀವಿಯಲ್ಲಿ ಊರು ಊಟ ಮಾಡುತ್ತಿತ್ತು. ತಟ್ಟೆಗೆ ಚಮಚ ತಾಗುವ ಸದ್ದು, ಯಾರೋ ತೇಗಿದ್ದು, ಯಾರೋ "ಇನ್ನೊಂದು ಸೌಟು ಸಾರು ಹಾಕ್ಲಾ?" ಅಂದದ್ದು. ಅದಕ್ಕೆ ಹದಿನೈದು ದಿನದ ಹಿಂದೆ ಮೇಲಿನ ಬೀದಿಯ ಯಜಮಾನರೊಬ್ಬರು ಬಚ್ಚಲಲ್ಲಿ ಜಾರಿದಾಗ ಕೊನೆಮನೆಯಿಂದ ಓಡಿಹೋಗಿ ಹೊತ್ತುಕೊಂಡು ಬಂದು ಜಟಕಾದಲ್ಲಿ ಮಲಗಿಸಿದವನು ನಮ್ಮ ಅಪ್ಪನೇ.

ಆಮೇಲೆ ಅವ್ವ ನಮ್ಮ ಬೀದಿಯ ಓದುಕೂಟಕ್ಕೆ ಸೇರಿದಳು. ಸಂಜೆ ಲೈಟುಕಂಬದ ಕೆಳಗೆ ಚಾಪೆ ಹಾಸಿ ಒಬ್ಬರು ಪೇಪರ್ ಓದುವುದು, ಉಳಿದವರು ಅದಕ್ಕೆ ಜಗಳವಾಡುವುದು. ನಾನು ಸಿಟ್ಟು ಕಲಿತದ್ದು ಅಲ್ಲಿ. ಅವ್ವ ಅಕ್ಷರ ಕಲಿತದ್ದೂ ಅಲ್ಲಿ, ಐವತ್ತು ದಾಟಿದ ಮೇಲೆ. "ನನ್ ಕೂಗು ತಂತಿಲಿ ಹೋಗ್ನಿಲ್ಲ. ಕಾಗ್ದದಲ್ಲಾದ್ರೂ ಹೋಗ್ಲಿ" ಎಂದು ಸ್ಲೇಟು ತಿದ್ದಿದಳು. ಅಂದಿನಿಂದ ದಿನಾ ಬೆಳಿಗ್ಗೆ ಪೇಪರನ್ನು ಗಟ್ಟಿಯಾಗಿ ಓದುತ್ತಾಳೆ, ಒಂದೊಂದೇ ಅಕ್ಷರ ಕೂಡಿಸಿಕೊಂಡು. ಒಂದು ಮಾತನ್ನು ಮಾತ್ರ ಯಾವಾಗಲೂ ತಪ್ಪಾಗಿ ಓದುತ್ತಿದ್ದಳು. 'ಸಾರ್ವಜನಿಕರು' ಎನ್ನುವಲ್ಲಿ ಅರ್ಕಾವತ್ತು 'ವ'ದ ಹಿಂದೆ ಹೋಗಿ ನಿಂತಿರುತ್ತದಲ್ಲ, ಅದನ್ನು ನಿಂತಲ್ಲೇ ಓದಿ 'ಸಾವರ ಜನಿಕರು' ಅನ್ನುತ್ತಿದ್ದಳು. "ಸಾವರ ಜನಿಕರು ನೀರನ್ನು ಮಿತವಾಗಿ ಬಳಸಬೇಕು." ಸಾವಿನ ಕಡೆಯ ಜನ ಅಂತ ಅವಳ ಅರ್ಥ. ನನಗೆ ತಿದ್ದಬೇಕೆಂದು ಅನ್ನಿಸಲೇ ಇಲ್ಲ. ಅವಳು ಕಂಡ ಊರಿಗೆ ಆ ಹೆಸರೇ ಸರಿಯಾಗಿತ್ತು.

ನನಗೆ ಟೌನ್ ಬಸ್ಸಿನಲ್ಲಿ ಕಂಡಕ್ಟರ್ ಕೆಲಸ ಕಾಯಂ ಆಯಿತು. ದಿಬ್ಬದ ನಡುಮಧ್ಯದ ಬಡಾವಣೆಯಲ್ಲಿ ಲಾಟರಿ ಎತ್ತಿದಾಗ ಒಂದು ಖಾಲಿ ನಿವೇಶನ ನನ್ನ ಹೆಸರಿಗೆ, ಸಿದ್ದಯ್ಯನ ಮಗಳು ಪುಟ್ಟೀರಮ್ಮ ಎಂದು, ಬಂತು. ಎರಡು ಕೋಣೆ ಎಬ್ಬಿಸಿದೆ. ಅವ್ವನಿಗೆ ಉಬ್ಬಸ. ನಾನು ಬೆಳಿಗ್ಗೆ ಐದೂವರೆಗೆ ಡಿಪೋಗೆ ಹೋದರೆ ಬರುವುದು ಮಧ್ಯಾಹ್ನ ಮೂರಕ್ಕೆ. ಅಷ್ಟು ಹೊತ್ತು ಅವಳು ಒಬ್ಬಳೇ. ಮನೆ ಕಟ್ಟಲು ಪಾಯ ತೋಡುವಾಗಲೇ ಅವ್ವ ಹೇಳಿದ್ದಳು: "ಮಗ, ತಾರಸಿ ಹಾಕುಸ್ತೀಯೋ ಹೆಂಚು ಹಾಕುಸ್ತೀಯೋ ನಿನ್ನಿಷ್ಟ. ನಂಗೆ ಒಂದೇ ಬೇಕಾಗಿರದು. ನಾ ಕೂಗುದ್ರೆ ಒಂದ್ ಮನೆಗಾದ್ರೂ ಕೇಳ್ಬೇಕು."

ಮೂರನೆಯ ದಿನ ನಾಗಭೂಷಣಯ್ಯ ಬಂದರು. ನಮ್ಮ ಕೆಳಗಿನ ಮನೆಯವರು, ಸರ್ವೆ ಇಲಾಖೆಯಿಂದ ನಿವೃತ್ತರು, ಬಡಾವಣೆಯ ಸಂಘದ ಅಧ್ಯಕ್ಷರು. ಹೊಸಿಲು ದಾಟದೆ, ಬಾಳೆಹಣ್ಣಿನ ಚಿಪ್ಪನ್ನು ಜಗಲಿಯ ಮೇಲಿಟ್ಟರು.

"ಏನಮ್ಮ ಕಂಡಕ್ಟರಮ್ಮ, ಟೀವಿಗೆ ಏನು ಮಾಡ್ತೀರಿ?"

"ತಂತಿ ತಗೊಳ್ತೀವಿ ಸರ್. ಮೇಲಿನ ಮನೆ ಶಾಂತವೀರಪ್ಪನವರು ಕೊಡ್ತೀನಿ ಅಂದಿದಾರೆ."

ಶಾಂತವೀರಪ್ಪ ನಿಜವಾಗಿ ಅಂದದ್ದು, "ಕೊಡೋಕೇನಮ್ಮ, ನಿಮ್ಮದನ್ನ ನಾನು ಕೇಳಬೇಕಾಗಿಲ್ಲವಲ್ಲ" ಅಂತ.

"ಅಯ್ಯೋ, ತಂತಿ ಹಳೇ ಕಾಲದ್ದಾಯ್ತು. ಡಬ್ಬ ಹಾಕಿಸ್ಕೊಳ್ಳಿ. ಮೊದಲ ವರ್ಷದ ಬಾಡಿಗೆ ಸಂಘದಿಂದಲೇ ಕಟ್ಟಿಬಿಡೋಣ. ನಿಮ್ಮಂಥವರು ಮುಂದೆ ಬರಬೇಕು."

"ಸಂಘದೋರು ಎಲ್ರ ಮನೆಗೂ ಕಟ್ತೀರಾ ಸ್ವಾಮಿ?" ಒಳಗಿನಿಂದ ಅವ್ವ ಕೇಳಿದಳು.

ನಾಗಭೂಷಣಯ್ಯನವರು ನಕ್ಕರು. "ನಿಮ್ಮ ತಾಯಿ ಚುರುಕಿದ್ದಾರೆ" ಎಂದು ನನಗೆ ಹೇಳಿ ಮೆಟ್ಟಿಲಿಳಿದರು.

ಈ ಔದಾರ್ಯದ ಒಳಗುಟ್ಟನ್ನು ಬಿಡಿಸಿ ಹೇಳಿದವರು ತಂತಿ ಎಳೆಯುವ ದಸ್ತಗೀರ್ ಸಾಬರು. ಬಡಾವಣೆಯ ಕಂಬಕಂಬವೂ ಅವರಿಗೆ ಗೊತ್ತು. "ನೋಡಮ್ಮ, ಕಾಯ್ದೆ ಹಿಂಗಿದೆ. ಖಾಲಿ ನಿವೇಶನದ ಮೇಲೆ ತಂತಿ ಹಾರಬೌದು. ಮನೆ ಮೇಲೆ ಹಾರಂಗಿಲ್ಲ. ಇಷ್ಟು ದಿನ ನಿಮ್ಮ ಜಾಗ ಖಾಲಿ ಇತ್ತು, ಶಾಂತವೀರಪ್ಪನವರ ಮನೆಯಿಂದ ಅಯ್ಯನವರ ಮನೆಗೆ ಸೀದಾ ಹಾರಿತ್ತು. ಈಗ ನಿಮ್ಮನೆ ಎದ್ದಿದೆ. ಇನ್ಮೇಲೆ ಅವರು ನಿಮ್ಮಿಂದ ಕೇಳಿ ತಗೋಬೇಕು. ತಗೊಂಡ್ರೆ ನಿಮ್ಮನೆ ಸದ್ದು ಅವರ ಟೀವೀಲಿ."

"ನಾವು ಡಬ್ಬ ತಗೊಂಡರೆ?"

"ಡಬ್ಬದ ಮನೆ ತಂತಿ ಲೆಕ್ಕದಲ್ಲಿ ಖಾಲಿ ನಿವೇಶನ. ಮೇಲೆ ಹಾರಬೌದು."

ಅವ್ವ ಎಲೆಯಡಿಕೆ ಅಗಿಯುತ್ತಿದ್ದವಳು ನಿಲ್ಲಿಸಿದಳು. ನನಗೆ ಮೈ ಉರಿದುಹೋಯಿತು. ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು, ಬಾಗಿಲು ಕೂರಿಸಿ, ಹಾಲು ಉಕ್ಕಿಸಿ ಒಳಗೆ ಉಸಿರಾಡುತ್ತ ಕೂತಿದ್ದೇವೆ. ಇವರ ಪಾಲಿಗೆ ನಾವು ಖಾಲಿ ಜಾಗವಾಗಬೇಕು, ಅದಕ್ಕೆ ಬಾಳೆಹಣ್ಣು ಕೊಟ್ಟು ಹೋಗಿದ್ದಾರೆ. ನಾಳೆಯೇ ಟೀವಿ ತಂತಿಯ ಕಚೇರಿಗೆ ಹೋಗಿ ಜಗಳ ತೆಗೆಯುತ್ತೇನೆ ಎಂದು ಕೂಗಾಡಿದೆ.

"ನೀ ಬಸ್ ಹತ್ತು" ಅಂದಳು ಅವ್ವ. "ಕಚೇರಿಗೆ ನಾ ಹೋಯ್ತೀನಿ. ಓದಕ್ ಬರುತ್ತೆ ನಂಗೆ."

ಅವಳು ಹೋದಳು. ಕಚೇರಿಯ ಅರ್ಜಿಯಲ್ಲಿ ಎರಡೇ ಖಾನೆ: 'ಕೊಡುವವರು', 'ಕೇಳುವವರು'. ತಂತಿ ಕೊಡುವ ಮೇಲಿನ ಮನೆ ಯಾವುದು, ತಂತಿ ಬೇಕೆಂದು ಕೇಳುತ್ತಿರುವ ಮನೆ ಯಾವುದು ಎಂದು ಕಚೇರಿಯ ಅರ್ಥ. ಹುಟ್ಟಿದಾಗಿನಿಂದ ಊರನ್ನು ಬರೀ ಕೇಳಿಸಿಕೊಂಡೇ ಬಂದವಳಿಗೆ 'ಕೇಳುವವರು' ಎಂಬ ಪದಕ್ಕೆ ಇನ್ನೊಂದು ಅರ್ಥವೇ ಹೊಳೆಯಲಿಲ್ಲ. ಸದ್ದು ಕೊಡುವವರು ಯಾರು? ನಾವು. ಅದನ್ನು ಕೇಳುವವರು ಯಾರು? ನಾಗಭೂಷಣಯ್ಯನವರ ಮನೆಯವರು. ದಪ್ಪ ದಪ್ಪ ಅಕ್ಷರದಲ್ಲಿ ಹಾಗೆಯೇ ಬರೆದು, ಕೆಳಗೆ ತನ್ನ ಹೆಸರು 'ಚಿಕ್ಕತಾಯಮ್ಮ' ಎಂದು ರುಜು ಹಾಕಿ ಬಂದಳು. ಗುಮಾಸ್ತ ಎಲ್ಲರ ಅರ್ಜಿಗೂ ಹೊಡೆಯುವಂತೆ ಮೊಹರು ಹೊಡೆದ.

ನಾಲ್ಕು ದಿನಕ್ಕೆ ಆದೇಶ ಬಂತು. ನಾಗಭೂಷಣಯ್ಯನವರು ಚಿಕ್ಕತಾಯಮ್ಮನವರಿಂದ ತಂತಿ ಕೇಳಿರುತ್ತಾರೆ, ಕೇಳಿದವರಿಗೆ ಇಲ್ಲವೆನ್ನತಕ್ಕದ್ದಲ್ಲ, ಚಿಕ್ಕತಾಯಮ್ಮನವರ ಬಳಿ ತಂತಿ ಇಲ್ಲದಿರುವುದರಿಂದ ಮೊದಲು ಅವರಿಗೆ ಎಳೆದು ಅಲ್ಲಿಂದ ಮುಂದಕ್ಕೆ ಎಳೆಯತಕ್ಕದ್ದು. ದಸ್ತಗೀರ್ ಸಾಬರು ಚೀಟಿಯಲ್ಲಿ ಇದ್ದಂತೆ ಮಾಡುವ ಮನುಷ್ಯ. ಏಣಿ ಹಾಕಿದರು, ಎಳೆದರು, ಬಿಗಿದರು. ಅದು ಸಂಜೆ. ಮಾರನೆಯ ಬೆಳಿಗ್ಗೆ ಅವ್ವ ಎಂದಿನಂತೆ ಪೇಪರ್ ಹಿಡಿದು, ಕೆಮ್ಮಿ, ಗಂಟಲು ಸರಿಮಾಡಿಕೊಂಡು, "ಸಾವರ ಜನಿಕರ ಗಮನಕ್ಕೆ" ಎಂದು ಶುರುಮಾಡಿದಳಂತೆ. ಕೆಳಗಿನ ಮನೆಯಲ್ಲಿ ಸುಪ್ರಭಾತದ ನಡುವೆ ಅವ್ವ ಕೆಮ್ಮಿದಳು.

ಅವತ್ತು ಮಧ್ಯಾಹ್ನ ನಾನು ಬರುವಷ್ಟರಲ್ಲಿ ಬೀದಿಯಲ್ಲಿ ಜನ ಸೇರಿದ್ದರು. ನಾಗಭೂಷಣಯ್ಯನವರು ಪಂಚೆ ಎತ್ತಿ ಕಟ್ಟಿಕೊಂಡು ಏಣಿಯ ಬುಡದಲ್ಲಿ ನಿಂತಿದ್ದರು.

"ನಾನು ಕೇಳೇ ಇಲ್ಲ ಕಣಯ್ಯ!"

"ಕೇಳಿದೀರಿ ಅಂತ ಬರೆದೈತಲ್ಲ ಸ್ವಾಮಿ" ಅಂದರು ದಸ್ತಗೀರ್ ಸಾಬರು, ಚೀಟಿ ತೋರಿಸುತ್ತ.

"ಯಾವನು ಬರೆದೋನು? ನಾನು ಇವರನ್ನ ಕೇಳಿಲ್ಲ, ಕೇಳೋದೂ ಇಲ್ಲ, ಕೇಳಬೇಕಾದ ಕರ್ಮಾನೂ ನನಗಿಲ್ಲ!"

"ನಾ ಬರ್ದೋಳು" ಎಂದು ಅವ್ವ ಮುಂದೆ ಬಂದಳು. "ತೆಪ್ಪಾಗಿದ್ರೆ ತೆಪ್ಪೇ. ಆದ್ರೆ ಸ್ವಾಮಿ, ನಿಮ್ ಮನೆ ಗಂಟೆ, ನಿಮ್ ಮನೆ ತೇಗು, ನಿಮ್ಮಂತೋರು ನಮ್ಮುನ್ನ ಅನ್ನೋದು ಎಲ್ಲಾನೂ ಐವತ್ತೈದು ವರ್ಸ ಕೇಳಿವ್ನಿ. ಕಿವಿ ಉದ್ರೋಗ್ನಿಲ್ಲ. ನನ್ ಕೆಮ್ಮು ಒಂದಿನ ಕೇಳುದ್ರೆ ನಿಮ್ದು ಉದ್ರೋದದಾ?"

ನಾಗಭೂಷಣಯ್ಯನವರು ಒಳಗೆ ಹೋಗಿ ಅಡಿಕೆ ಕತ್ತರಿಸುವ ಕತ್ತರಿ ತಂದರು. ಏಣಿ ಹತ್ತಿ, ತಮ್ಮ ಕೈಯಾರೆ, ಎಲ್ಲರಿಗೂ ಕಾಣುವಂತೆ ತಂತಿ ಕತ್ತರಿಸಿದರು. ಅವರ ಬಾಗಿಲಿನಲ್ಲಿ ಹೆಂಡತಿ ಕಮಲಾಕ್ಷಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನಿಂತಿದ್ದರು. ತುಂಡಾದ ತಂತಿ ನಮ್ಮ ಕಾಂಪೌಂಡಿನ ಮೇಲೆ ಜೋತುಬಿತ್ತು.

ತಂತಿ ತುಂಡಾದದ್ದರಿಂದ ಆ ವಾರದಲ್ಲಿ ಅವರ ಮನೆಗೂ ಆ ಸಾಲಿನಲ್ಲಿ ಅವರ ಕೆಳಗಿದ್ದ ಹನ್ನೊಂದು ಮನೆಗೂ ಡಬ್ಬ ಬಂತು. ವಿಠೋಬ ಮೈಸೂರುಪಾಕಿನ ಪೊಟ್ಟಣ ಹಿಡಿದುಕೊಂಡು ಬಂದು, "ತಾಯಿ, ನಿಮ್ಮ ದಯದಿಂದ ನನ್ನ ಟಾರ್ಗೆಟ್ ಮುಗೀತು" ಎಂದು ಅವ್ವನಿಗೆ ಕೈಮುಗಿದ. ಅವ್ವ ಒಂದು ತುಂಡು ಬಾಯಿಗೆ ಹಾಕಿಕೊಂಡು, "ಸಿಹಿ ಹೆಚ್ಚಾಯ್ತು" ಅಂದಳು. ಅವನು ಹೋದ ಮೇಲೆ ಜಗಲಿಯಲ್ಲಿ ಕೂತು ಜೋತುಬಿದ್ದ ತಂತಿಯನ್ನು ಬಹಳ ಹೊತ್ತು ನೋಡಿದಳು. "ಇಷ್ಟು ದೂರ ಬಂದ್ವಿ. ಕೊನೆಮನೆ ನಮ್ ಹಿಂದ್ಲೇ ಬಂದದೆ ನೋಡು ಮಗ."

ನಾನು ಕೆಲಸ ಬಿಡುತ್ತೇನೆ ಅಂದೆ. ಅವ್ವ ಬೈದಳು. ದಿನಾ ಬೆಳಿಗ್ಗೆ ಡಿಪೋಗೆ ಹೋಗುವಾಗ ಬಾಗಿಲನ್ನು ಹೊರಗಿನಿಂದ ಎಳೆದುಕೊಂಡು, ಒಳಗೆ ಅವಳ ಕೆಮ್ಮು ಕೇಳಿಸುವವರೆಗೆ ಮೆಟ್ಟಿಲ ಮೇಲೆ ನಿಲ್ಲುತ್ತಿದ್ದೆ. ಬಸ್ಸಿನಲ್ಲಿ ಐವತ್ತು ಜನ ನನ್ನ ಮಾತು ಕೇಳಿ ಮುಂದೆ ಸರಿಯುತ್ತಿದ್ದರು. ಮನೆಯಲ್ಲಿ ಅವ್ವ ಯಾರಿಗೂ ಕೇಳದ ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದಳು. ಯಾರಿಗೋಸ್ಕರ ಓದ್ತೀಯವ್ವ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ.

ಎರಡು ತಿಂಗಳು ಕಳೆದವು. ಒಂದು ದಿನ ಹನ್ನೊಂದರ ಟ್ರಿಪ್ಪಿಗೆ ಕಮಲಾಕ್ಷಮ್ಮ ನಮ್ಮ ಸ್ಟಾಪಿನಲ್ಲಿ ಹತ್ತಿದರು. ಚೀಲ ಹಿಡಿದು ಮಹಿಳೆಯರ ಸೀಟಿನಲ್ಲಿ ಕೂತು, ಯಾವಾಗಿನಂತೆ ಮುಖ ನೋಡದೆ, "ಮಾರ್ಕೆಟ್ ಒಂದು" ಅಂದರು. ಟಿಕೆಟ್ ಹರಿದು ಕೊಟ್ಟೆ. ನಾನು ಮುಂದಿನ ಸೀಟಿಗೆ ತಿರುಗಿದ್ದೆ.

"ಅದು 'ಸಾರ್ವಜನಿಕರು' ಅಂತ ಹೇಳಮ್ಮ ನಿಮ್ಮ ತಾಯಿಗೆ."

ತಿರುಗಿ ನೋಡಿದೆ. ಅವರು ಕಿಟಕಿಯಾಚೆ ನೋಡುತ್ತಿದ್ದರು. "ದಿನಾ ಸಾವರ, ಸಾವರ ಅಂತಾರೆ. ಕೇಳೋಕಾಗಲ್ಲ. ಅರ್ಕಾವತ್ತು ಹಿಂದೆ ನಿಂತಿರುತ್ತೆ, ಆದರೆ ಅದನ್ನ ಮೊದಲು ಓದಬೇಕು. ಹಿಂದೆ ನಿಂತಿರೋದನ್ನೇ ಮೊದಲು."

ಡ್ರೈವರ್ ಕನ್ನಡಿಯಲ್ಲಿ ನೋಡಿ, "ಏನಮ್ಮೋ ಪುಟ್ಟೀರಮ್ಮ, ರೈಟ್ ಹೇಳ್ತೀಯೋ, ಇಲ್ಲೇ ಮನೆ ಮಾಡ್ತೀಯೋ?" ಎಂದು ಕೂಗಿದ.

ಡ್ಯೂಟಿ ಮುಗಿದದ್ದೇ ದಸ್ತಗೀರ್ ಸಾಬರನ್ನು ಹುಡುಕಿಕೊಂಡು ಹೋದೆ. ಟೀ ಅಂಗಡಿಯಲ್ಲಿ ಬನ್ನು ಅದ್ದಿಕೊಂಡು ತಿನ್ನುತ್ತಿದ್ದರು. ನಾನು ಕೇಳುವ ಮೊದಲೇ ಜೇಬಿನಿಂದ ಚೀಟಿಗಳ ಕಟ್ಟು ತೆಗೆದು ಒಂದನ್ನು ನನ್ನ ಮುಂದೆ ಹಿಡಿದರು. ತಂತಿ ಕತ್ತರಿಸಿ ಹತ್ತು ದಿನಕ್ಕೆ ಆದ ಆದೇಶ. ಕೊಡುವವರು: ಚಿಕ್ಕತಾಯಮ್ಮ. ಕೇಳುವವರು: ಕಮಲಾಕ್ಷಿ. ಮುತ್ತಿನಂಥ ಅಕ್ಷರ.

"ತಾವೇ ಕಚೇರಿಗೆ ಬಂದು ಬರೆದರು. ಹಿತ್ತಲ ಕಡೆಯಿಂದ ಅಡುಗೆಮನೆ ಕಿಟಕಿಗೆ ಎಳಿ ಅಂದರು. ಹಳೇ ಸಣ್ಣ ಟೀವಿ ಒಂದಿದೆ, ಬೀಸೋ ಕಲ್ಲಿನ ಹಿಂದೆ ಇಟ್ಟುಕೊಂಡವರೆ. ಅಯ್ಯನವರು ಅಡುಗೆಮನೆಗೆ ಕಾಲಿಡೋರಲ್ಲ."

"ನಮಗೆ ಯಾಕೆ ಹೇಳಲಿಲ್ಲ ಸಾಬಣ್ಣ?"

"ಹೇಳಬೇಡಿ ಅಂದರು. ನಿಮ್ಮ ತಾಯಿ ಮಲಗಿದ್ದ ಹೊತ್ತಲ್ಲಿ ಎಳೆದೆ." ಟೀಯನ್ನು ಕೆಳಗಿಟ್ಟರು. "ಯಾಕಮ್ಮ ಇದೆಲ್ಲ ಅಂತ ನಾನೂ ಕೇಳಿದೆ. ಅದಕ್ಕೆ ಅವರು, 'ನಮ್ಮ ಕೆಳಗೆ ಈಗ ಯಾರಿದಾರೆ ಸಾಬರೇ? ಹನ್ನೊಂದು ಮನೆ ಕೇಳೋರಿದ್ದಾಗ ನಮ್ಮ ಯಜಮಾನರು ಮೆತ್ತಗೆ ಮಾತಾಡ್ತಿದ್ದರು. ಕೇಳೋರಿಲ್ಲದ ಮನೆ ಹೇಗಿರುತ್ತೆ ಅಂತ ಈಗ ಗೊತ್ತಾಯ್ತು' ಅಂದರು. ಅಷ್ಟೇ ಅಂದದ್ದು. ಕೈ ಮೇಲಿನ ಕಲೆ ಕಾಣದ ಹಾಗೆ ಸೆರಗು ಎಳಕೊಂಡಿದ್ದರು."

ಮನೆಗೆ ಬಂದು ಅವ್ವನಿಗೆ ಅಷ್ಟನ್ನೂ ಹೇಳಿದೆ. ತಪ್ಪು ಓದುವ ವಿಷಯ ಹೇಳಿದಾಗ ಅವಳ ಮುಖ ಗಂಟಾಯಿತು. "ತೆಪ್ಪ್ ಹಿಡಿಯಾಕೆ ಕೇಳ್ತಾವ್ಳಾ? ನಮ್ಮುನ್ನ ತಿದ್ದದು ಬುಟ್ರೆ ಬ್ಯಾರೆ ಕೆಲ್ಸ ಇಲ್ವ ಇವುಕ್ಕೆ?" ಸಾಬರು ಹೇಳಿದ ಉಳಿದ ಮಾತನ್ನು ಹೇಳಿದೆ. ಅವ್ವ ಎಲೆಗೆ ಸುಣ್ಣ ಹಚ್ಚುತ್ತಿದ್ದ ಬೆರಳನ್ನು ಹಾಗೇ ಹಿಡಿದಳು.

"ಅಂಗಾರೆ ಅವ್ಳೂ ಕೊನೆಮನೆಯೋಳಾದ್ಲು" ಅಂದಳು.

ನನ್ನೊಳಗೆ ಸಿಟ್ಟು ಹಾಗೇ ಇತ್ತು. ನಮ್ಮನ್ನು ಕೇಳಬಾರದೆಂದು ತಂತಿ ಕತ್ತರಿಸಿದ ಆ ಕತ್ತರಿ, ಆ ಮನೆಯ ಹೆಂಗಸಿನ ಬಾಯಿಯನ್ನೂ ಜೊತೆಗೇ ಕತ್ತರಿಸಿತ್ತು. ನಮಗೆ ಮಾಡಿದ್ದು ನಮ್ಮ ಮನೆಯಲ್ಲೇ ನಿಲ್ಲಲಿಲ್ಲ. ಅದಕ್ಕೆ ಸಂತೋಷಪಡಬೇಕೆಂದು ನೋಡಿದೆ, ಆಗಲಿಲ್ಲ.

ಮಾರನೆಯ ದಿನ ನನಗೆ ವಾರದ ರಜ. ಅವ್ವ ಮಿಂದು, ಬಾಗಿಲು ಕಿಟಕಿಗಳನ್ನೆಲ್ಲ ತೆರೆದು, ಪೇಪರ್ ಹಿಡಿದು ಟೀವಿಯ ಮುಂದೆ ಕೂತಳು. ನಾಗಭೂಷಣಯ್ಯನವರು ತಮ್ಮ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದದ್ದು ನಮ್ಮ ಕಿಟಕಿಗೆ ಕಾಣುತ್ತಿತ್ತು. ಬೀದಿಯಲ್ಲಿ ಹಾಲಿನವನ ಸೈಕಲ್ಲು.

"ಕಮಲಾಕ್ಷಮ್ಮ" ಅಂದಳು ಅವ್ವ, ಟೀವಿಯ ಕಡೆ ತಿರುಗಿ, ಮೆಲ್ಲಗೆ. "ಕೇಳ್ತಿದ್ದೀರಂತೆ. ನಿಮ್ದು ನಂಗೆ ತಂತಿಲಿ ಕೇಳಕಿಲ್ಲ, ಗೊತ್ತಲ್ಲ. ಅದ್ಕೆ ಒಂದ್ ಮಾತು. ದಿನಾ ಈ ಒಂದ್ ಪದ ತೆಪ್ಪಾಗಿ ಓದ್ತೀನಿ, ಬೇಕಂತ್ಲೇ. ನೀವು ಬಾಯ್ ಬುಟ್ಟು ಕೂಗಿ ಸರಿ ಮಾಡಿ. ಕೂಗುದ್ರೆ ನೀವು ಚೆಂದಾಗಿದ್ದೀರಿ ಅಂತ ತಿಳ್ಕತೀನಿ. ಕೂಗ್ನಿಲ್ಲ ಅಂದ್ರೆ ನಾನೇ ಬಂದು ಬಾಗ್ಲು ಬಡೀತೀನಿ, ನಿಮ್ಮೆಜಮಾನ್ರು ಇದ್ರೂ ಸರಿಯೇ. ನಾ ಓದದೆ ಇದ್ರೆ ನೀವು ಬನ್ನಿ."

ಆಮೇಲೆ ಗಂಟಲು ಸರಿಮಾಡಿಕೊಂಡು, ಓದುಕೂಟದಲ್ಲಿ ಓದುವಂತೆ ಎತ್ತರದ ದನಿಯಲ್ಲಿ ಶುರುಮಾಡಿದಳು. "ಪುರಸಭೆಯಿಂದ ಪ್ರಕಟಣೆ. ಸಾವರ ಜನಿಕರು..."

ನಿಲ್ಲಿಸಿದಳು. ಕಾದಳು. ಶಾಂತವೀರಪ್ಪನವರ ಮನೆಯ ಕುಕ್ಕರಿನ ಸದ್ದು ನಮ್ಮ ಟೀವಿಯಲ್ಲಿ ಬಂತು, ನಿಂತಿತು. ಹಾಲಿನವನ ಸೈಕಲ್ಲು ತಿರುವಿನಲ್ಲಿ ಮರೆಯಾಯಿತು. ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಓದಿದಳು. "ಸಾವರ ಜನಿಕರು!"

"ಸಾರ್ವಜನಿಕರು!"

ಹಿತ್ತಲಿನ ಕಡೆಯಿಂದ, ಅಡುಗೆಮನೆಯ ಕಿಟಕಿಯಿಂದ, ಯಾವ ತಂತಿಯೂ ಇಲ್ಲದೆ ಬಂದ ಕೂಗು. ಮೊದಲ ಸಲ ಗಂಟಲು ಒಡೆದುಕೊಂಡ ಹಾಗಿತ್ತು. ಎರಡನೆಯದು ಬೀದಿಗೆಲ್ಲ ಕೇಳಿತು. "ಸಾರ್ವಜನಿಕರು ಚಿಕ್ಕತಾಯಮ್ಮ! ಹಿಂದೆ ನಿಂತಿರೋದನ್ನ ಮೊದಲು ಓದಬೇಕು!"

ಡಬ್ಬಗಳ ಮನೆಗಳಿಂದ ಒಂದೊಂದೇ ಬಾಗಿಲು ತೆರೆಯಿತು. ಜಗಲಿಯ ಮೇಲೆ ನಾಗಭೂಷಣಯ್ಯನವರು ಲೋಟ ಹಿಡಿದುಕೊಂಡೇ ಎದ್ದು ನಿಂತು, ತಮ್ಮ ಮನೆಯ ಒಳಗನ್ನು ತಿರುಗಿ ನೋಡಿದರು. ಅವ್ವ ಪೇಪರನ್ನು ಕಣ್ಣಿಗೆ ಹತ್ತಿರ ತಂದುಕೊಂಡು ಮುಂದಿನ ಸಾಲಿಗೆ ಬೆರಳಿಟ್ಟಳು.